ಸಾವಂತ್ರವ್ವ ಉಡಿ ತುಂಬಿದ ಶುಕ್ರವಾರ

ನಾ ಅಂಜುಬುರುಕ ಮನುಷ್ಯಾ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ನಾ ಹೇಳಲಿಲ್ಲಾಂದ್ರ ನನ್ನ ಹೇಂತಿ ಸಾವಂತ್ರವ್ವ ತಾನ ಹೇಳಿ ನಾಕು ಮಂದಿನ್ನ ನಗಸ್ತಾಳ. ರಿಕ್ಷಾದಾವ ಜೋರಾಗಿ ತಿರುವಿದ್ರ ಅಂಜತೀನಿ. ಬ್ಯಾಂಕಿನಿಂದ ಫೋನ್ ಬಂದ್ರ ಅಂಜತೀನಿ. ಮಾರ್ಕೆಟ್ ಯಾರ್ಡಿನ್ಯಾಗ ಲಾರಿ ಹಿಂದಕ್ಕ ಬರಾಕ ಹತ್ತಿದ್ರ ಅಂಗಡಿ ಒಳಗ ಹೋಗಿ ನಿಂದರತೀನಿ. ಒಣಮೆಣಸಿನಕಾಯಿ ವ್ಯಾಪಾರ ನಂದು. ನಾ ಬ್ಯಾಡಗಿ ಚೀಲ ಬಿಚ್ಚಿದ್ರ ಸಾಲಿನ ಅಂಗಡಿ ಮಂದಿ ಎಲ್ಲಾ ಸೀನತಾರ, ಆದ್ರೂ ನನ್ನ ಮಾತಿನ್ಯಾಗ ಖಾರ ಇಲ್ಲಂತ ಆಕಿ ಹಂಗಸ್ತಾಳ. ಇರ್ಲಿ ಬಿಡ್ರಿ. ಇಬ್ಬರಿಗೂ ಸಾಕಾಗೋವಷ್ಟು ಖಾರ ಆಕಿ ಹತ್ರನ ಅದ.

ಇಂಡಿ ಕಡೆ ಹಳ್ಳ್ಯಾಗಿಂದ ಮದಿವ್ಯಾಗಿ ಪುಣೆಕ್ಕ ಬಂದಾಗ ಆಕಿಗೆ ಮರಾಠಿ ಒಂದಕ್ಷರ ಬರ್ತಿರಲಿಲ್ಲ. ಸದಾಶಿವ ಪೇಠದ ಒಂದು ವಾಡೆದಾಗ ಎರಡು ಖೋಲಿ ನಮ್ಮವು. ಬಾಜೂ ಖೋಲ್ಯಾಗ ರಾಧಾಬಾಯಿ ಅಂತ ವಯಸ್ಸಾದ ಹೆಣ್ಣಮಗಳು, ನಮ್ಮ ಪಕ್ಷದ ಕಾರ್ಯಕರ್ತೆ. ಆಗ ಪಕ್ಷ ಅಂದ್ರ ಈಗಿನಂಗ ಅಲ್ರಿ, ಪೋಸ್ಟರ್ ಹಚ್ಚಾಕ ಮಂದಿ ಸಿಗ್ತಿರಲಿಲ್ಲ. ರಾಧಾಬಾಯಿಗೆ ಗೋಂದಿನ ಬಕೆಟ್ ಹಿಡಿಯಾಕ ಒಂದು ಗಟ್ಟಿ ಕೈ ಬೇಕಾಗಿತ್ತು, ನಮ್ಮಾಕಿ ಸಿಕ್ಕಳು. ಬಕೆಟ್ ಹಿಡಕೊಂಡು ಓಣಿ ಓಣಿ ತಿರಗಿ, ಘೋಷಣಾ ಕೂಗಿ ಕೂಗಿನ ಮರಾಠಿ ಕಲಿತ್ಳು. ಅದಕ್ಕ ಆಕಿ ಮರಾಠಿ ಇವತ್ತಿಗೂ ಘೋಷಣಾದಂಗ ಇರ್ತದ. ಮೆಂತೆ ಸೂಡು ಎಷ್ಟಕ್ಕಂತ ಕೇಳಿದ್ರೂ ಕಾಯಿಪಲ್ಲೆ ಮಾರಾಕಿ ಬೆಚ್ಚಿ ಬೀಳತಾಳ.

ನಾವು ಹಳೇ ಪದ್ಧತಿ ಮಂದಿ, ಅದಕ್ಕ ನಾಚಿಕಿ ಏನಿಲ್ಲ. ದೇವರು, ಹಿರೇರು, ಮನಿ, ಇವು ನೆಟ್ಟಗ ನಿಂತಿದ್ರ ದೇಶ ನಿಂತೀತು ಅನ್ನೋದು ಆಕಿ ನಂಬಿಕಿ, ನಂದೂ ಅದ. ದುಡದು ತಿನ್ನಾವಗ ಮರ್ಯಾದಿ ಇರಬೇಕು. ಸರ್ಕಾರ ಮಂದಿ ಅಡಗಿ ಮನ್ಯಾಗ ಕೈ ಹಾಕಬಾರದು. ತಪ್ಪು ಮಾಡಿದಾವ ಎಂಥಾ ದೊಡ್ಡಾವ ಇದ್ರೂ ಶಿಕ್ಷಾ ಆಗಬೇಕು. ಇಷ್ಟ ಆಕಿ ರಾಜಕೀಯ. ಪಕ್ಷ ಠೇವಣಿ ಕಳಕೊಂಡು ಬಂದ ದಿನ ಸುದ್ದಾ ಆಕಿ ತಲಿ ತೊಳಕೊಂಡು, ದೇವರಿಗೆ ದೀಪ ಹಚ್ಚಿ, ಹೋಳಿಗಿ ಮಾಡಿದಾಕಿ. "ಸೋತೀವಿ ಖರೇ, ಸುಳ್ಳ ಹೇಳಿ ಗೆದ್ದಿಲ್ಲಲ್ಲಾ" ಅಂತಿದ್ಳು. ಮುಂದ ಪಕ್ಷ ಗೆಲ್ಲಾಕ ಹತ್ತಿತು. ಗೆಲ್ಲಾಕ ಹತ್ತಿದ ಮ್ಯಾಲೆ ಮಂದಿ ಬಂದ್ರು, ಮಂದಿ ಬಂದ ಮ್ಯಾಲೆ ರಣನೀತಿ ಅನ್ನೋದು ಬಂತು. ಹೋಳಿಗಿ ತಿನ್ನಾಕ ಯಾರಿಗೂ ಪುರಸೊತ್ತು ಉಳೀಲಿಲ್ಲ.

ಈ ಸಲ ಮಳಿಗಾಲದಾಗ ಒಂದು ಘಟನಾ ಆತು. ಮಾರ್ಕೆಟ್ ಯಾರ್ಡ್ ಹಿಂದ ಅಮರಭಾವು ಅನ್ನೋನ ದೊಡ್ಡ ಬಿಲ್ಡಿಂಗು ಏಳತಿತ್ತು. ಅಮರಭಾವು ಅಂದ್ರ ಆ ಕಡೆ ಪಕ್ಷದ ಪುಢಾರಿ, ನಮ್ಮ ಮತಕ್ಷೇತ್ರದಾಗ ನಮ್ಮ ಪಕ್ಷಕ್ಕ ಕಟ್ಟಾ ವೈರಿ. ಆ ಕಟ್ಟಡದ ಕೆಲಸದಾಗ ಯಾದಗಿರಿ ಕಡೆ ಮಂದಿ ಭಾಳ. ಅವರ ಹೆಸರು ಮತದಾರರಾಗಿ ಸೇರಸಾಕಂತ ಸಾವಂತ್ರವ್ವ ಮಧ್ಯಾಹ್ನ ಅಲ್ಲಿಗೆ ಹೋಗಿದ್ಳು. ಆಕಿ ಕಣ್ಣ ಮುಂದನ ಜಟ್ಟೆಪ್ಪ ಅನ್ನೋ ಗೌಂಡಿ ಲಿಫ್ಟಿನ ಖಾಲಿ ಬಾವ್ಯಾಗ ಬಿದ್ದ. ಅಡ್ಡ ಒಂದು ಹಲಗಿ ಸುದ್ದಾ ಹಾಕಿರಲಿಲ್ಲ. ಬಿದ್ದಾವನ್ನ ಎತ್ತಿ ತಂದು ಹೊರಗ ಮಲಗಿಸಿದ್ರು, ಮೈಮ್ಯಾಲೆ ಎಚ್ಚರಿಲ್ಲ. ಅಷ್ಟರಾಗ ಕೂಲಿ ಮಂದಿನ್ನ ನೋಡಿಕೊಳ್ಳೋ ಅಮರಭಾವುನ ಮುಕಾದಮ ಬಂದ. ಬಂದಾವ ನೀರು ಹಾಕಲಿಲ್ಲರಿ, ಕಿಸೆದಾಗಿನ ದಾರೂ ಬಾಟಲಿ ತಗದು ಜಟ್ಟೆಪ್ಪನ ಬಾಯಿಗೆ, ಅಂಗಿಗೆ ಸುರುವಿದ. ಕುಡದು ಬಿದ್ದಾನಂತ ಆಗಬೇಕಲ್ಲಾ, ಅದಕ್ಕ.

ಜಟ್ಟೆಪ್ಪನ ಹೇಂತಿ ಯಮನವ್ವ ಓಡಿ ಬಂದು, "ನನ್ನ ಗಂಡ ತುಳಸಿ ಮಾಲೆ ಹಾಕ್ಯಾನ್ರೀ, ಕುಡಿಯಂಗಿಲ್ರೀ" ಅಂತ ಎದಿ ಎದಿ ಬಡಕೊಂಡ್ಳು. ನಮ್ಮಾಕಿ ಹೋಗಿ ಮುಕಾದಮನ ಕೈ ಹಿಡದು ಒದರಿದ್ದು ಮಾರ್ಕೆಟ್ಟಿನ ತನಕ ಕೇಳಿರಬೇಕು. ಜಟ್ಟೆಪ್ಪ ಜೀವಕ್ಕ ಉಳದ, ಆದ್ರ ಸೊಂಟ ಹೋತು, ಎರಡೂ ಕಾಲು ಮುರದು ಹೋದ್ವು.

ಪೊಲೀಸ್ ಚೌಕ್ಯಾಗ ಮೊದಲು ಯಮನವ್ವನ ಮಾತು ಯಾರೂ ಕೇಳಲಿಲ್ಲ. ಸಾವಂತ್ರವ್ವ ಹೋಗಿ ಬೆಂಚಿನ ಮ್ಯಾಲೆ ಗಟ್ಟಿಯಾಗಿ ಕುಂತ ಮ್ಯಾಲೆ ಅರ್ಜಿ ತಗೊಂಡ್ರು. ನೋಡಿದ್ದನ್ನ ಹೇಳಾಕ ಕೂಲಿ ಮಂದಿ ಯಾರೂ ತಯಾರಿರಲಿಲ್ಲ, ಸಾಕ್ಷಿ ಅಂದ್ರ ನಮ್ಮಾಕಿ ಒಬ್ಬಾಕಿನ. "ನಿಮ್ಮ ಜಬಾಬು ಆಮ್ಯಾಲೆ ತಗೋತೀವಿ, ಗಣಪತಿ ಬಂದೋಬಸ್ತು ಅದ, ನವರಾತ್ರಿ ಬಂದೋಬಸ್ತು ಅದ, ದಸರಾ ಮುಗದ ಸೋಮವಾರ ಬರ್ರಿ" ಅಂದ್ರು. ಹೊರಗ ಬಂದ ಮ್ಯಾಲೆ ಯಮನವ್ವ ಆಕಿ ಕೈ ಹಿಡದು, "ಯಕ್ಕಾ, ನೀವಿದ್ರ ನಾ ಯಾರಿಗೂ ಅಂಜಂಗಿಲ್ಲ ನೋಡ್ರಿ" ಅಂದ್ಳು. ನಾ ಅಲ್ಲೇ ಬಾಜೂಕ ನಿಂತಿದ್ದೆ. ನನಗರ ಆಗಲೇ ಅಂಜಿಕಿ ಸುರು ಆಗಿತ್ತು.

ಪಕ್ಷದಾಗ ಮಾತ್ರ ಹಬ್ಬಾರಿ ಹಬ್ಬ! ವೈರಿ ಪುಢಾರಿ ಸಿಕ್ಕಿಬಿದ್ದಾನ, ಅದೂ ನಮ್ಮ ಕಾರ್ಯಕರ್ತೆ ಕಣ್ಣಿಗೆ. ಸಾವಂತ್ರವ್ವನ್ನ ವೇದಿಕಿ ಮ್ಯಾಲೆ ಕರದು ಶಾಲು ಹೊದಿಸಿದ್ರು. ಕಿಶೋರ ಅಂತ ಒಬ್ಬ ಹುಡುಗ, ಚುನಾವಣಿ ಲೆಕ್ಕಾಚಾರ ಎಲ್ಲಾ ಅವಂದ, ಆಕಿದೊಂದು ವಿಡಿಯೋ ಮಾಡಿ ಊರ ತುಂಬ ಕಳಿಸಿದ. "ಕಾಕೂ, ನೀವು ನಮ್ಮ ವಾಘೀಣ" ಅಂದ. ಹೆಣ್ಣ ಹುಲಿ ಅಂತ. ಮನಿಗೆ ಬಂದ ಮ್ಯಾಲೆ ಹುಲಿ ನನ್ನ ಮುಂದ ಕುಂತು ಕಾಲು ಒತ್ತಿಸಿಕೊಂಡ್ಳು, ಮಳಿಗಾಲದಾಗ ಆಕಿಗೆ ಮಣಕಾಲು ನೋವು ಭಾಳ.

ಗಣಪತಿ ಹೋದ, ಪಿತೃಪಕ್ಷ ಬಂತು. ಆ ಹದಿನೈದು ದಿನ ನಮ್ಮಂಥಾ ಮಂದಿ ಒಂದು ಹೊಸ ಅಂಗಿ ಸುದ್ದಾ ತಗೊಳ್ಳಂಗಿಲ್ಲ. ನಮ್ಮ ಪಕ್ಷದವರು ಹೊಸ ಉಮೇದುವಾರನ್ನ ತಂದ್ರು. ಅವನ ಅಮರಭಾವು! ಆ ಕಡೆ ಪಕ್ಷ ಬಿಟ್ಟು ನಮ್ಮ ಕಡೆ ಬಂದ, ಬಂದ ಕೂಡ್ಲೆ ವಿಧಾನಸಭಾ ತಿಕೀಟು ಪಕ್ಕಾ ಆತು. ಟಿವಿ ಒಳಗ ಅವನ ಕೊರಳಾಗ ನಮ್ಮ ಪಕ್ಷದ ಪಟ್ಟಿ ನೋಡಿ ಸಾವಂತ್ರವ್ವನ ಕೈಯಾಗಿನ ಚಹಾ ಕಪ್ಪು ಹಂಗ ನಿಂತುಬಿಟ್ಟಿತು. ನಿನ್ನೆ ತನಕ ನಮ್ಮ ಬೆನ್ನಿಗೆ ಪಕ್ಷ ಇತ್ತು. ಈಗ ಆ ಪಕ್ಷನ ಅವನ ಬೆನ್ನಿಗೆ ಹೋಗಿ ನಿಂತಿತ್ತು.

ಮರುದಿನ ಕಿಶೋರ ಟ್ಯಾಬ್ಲೆಟ್ ಹಿಡಕೊಂಡು ಮನಿಗೆ ಬಂದ. ವಾಘೀಣ ಅನ್ನೋ ಮಾತು ಎತ್ತಲೇ ಇಲ್ಲ.

"ಕಾಕೂ, ಸರ್ವೇ ಮೂರು ಸಲ ಮಾಡೀವಿ. ನಮ್ಮ ಹಳೇ ಮನುಷ್ಯಾ ನಿಂತ್ರ ಸೋಲ್ತಾನ, ಅಮರಭಾವು ನಿಂತ್ರ ಗೆಲ್ತಾನ. ಈ ಸಲ ಒಂದೊಂದು ಸೀಟೂ ಬಂಗಾರ. ರಾಜ್ಯ ಕೈ ಬಿಟ್ಟು ಹೋತಂದ್ರ ನೀವು ಇಷ್ಟು ವರ್ಷ ಬಕೆಟ್ ಹೊತ್ತಿದ್ದೆಲ್ಲಾ ನೀರಾಗ."

"ಮತ್ತ ಜಟ್ಟೆಪ್ಪ?" ಅಂದ್ಳು ಈಕಿ.

"ಅದು ಲೋಕಲ್ ವಿಷಯ, ಕಾಕೂ."

"ಅವನ ಸೊಂಟ ಲೋಕಲ್ ಏನೋ ಮಗನ? ನಿನ್ನ ಸೊಂಟ ರಾಷ್ಟ್ರೀಯ ಏನು?"

ಕಿಶೋರ ನಕ್ಕ. ಸಿಟ್ಟಿಗೇಳೋ ಹುಡುಗ ಅಲ್ಲ ಅಂವಾ, ಅದ ನನಗ ಹೆಚ್ಚು ಅಂಜಿಕಿ. "ನೀವು ಸುಳ್ಳ ಹೇಳೂದು ಬ್ಯಾಡ. ಬರೇ ಚುನಾವಣಿ ಮುಗಿಯೂ ತನಕ ಜಬಾಬು ಕೊಡಬ್ಯಾಡ್ರಿ. ಮಣಕಾಲು ನೋವು ಅಂತ ಹೇಳ್ರಿ. ಮೊದಲು ಗೆಲ್ಲೂಣು, ಆಮ್ಯಾಲೆ ನಾವ ಒಳಗಿಂದ ಶುದ್ಧ ಮಾಡೂಣು."

"ಹಾಲಿಗೆ ಹೆಪ್ಪು ಹಾಕಿ ಆಮ್ಯಾಲೆ ವಾಪಸ್ ಹಾಲು ಮಾಡ್ತೀಯೇನು?" ಅಂದು ಈಕಿ ಎದ್ದು ಒಳಗ ಹೋದ್ಳು.

ಖರೇ ಹೇಳತೀನಿ, ನನಗ ಕಿಶೋರನ ಮಾತು ಪಸಂದ ಆಗಿತ್ತು. ಪಕ್ಷ ದೊಡ್ಡದು, ಮನುಷ್ಯಾ ಸಣ್ಣಾವ. ಶಿಸ್ತು ಅಂದ್ರ ಮ್ಯಾಲಿನವರು ಹೇಳಿದ್ದು ಕೇಳೋದು. ಮ್ಯಾಲೆ ಕುಂತವರಿಗೆ ನಮಗಿಂತ ದೂರ ಕಾಣಸ್ತದ. ಇದನ್ನೆಲ್ಲಾ ಊಟಕ್ಕ ಕುಂತಾಗ ಆಕಿಗೆ ಹೇಳಿದೆ. ಆಕಿ ರೊಟ್ಟಿ ಮುರಕೋತ ನನ್ನ ಮಾರಿ ನೋಡಿದ್ಳು. "ಇದು ಶಿಸ್ತೋ, ನಿಮ್ಮ ಅಂಜಿಕ್ಯೋ?" ಅಂದ್ಳು. ನಾ ಇನ್ನಷ್ಟು ಪಲ್ಯಾ ಹಾಕಿಸಿಕೊಂಡೆ.

ನವರಾತ್ರಿ ಘಟ ಕೂಡಿಸಿದ ಎರಡನೇ ದಿನ ಅಂಗಡಿಗೆ ಒಬ್ಬ ಬಂದ. ಬಿಳೇ ಅಂಗಿ, ಹಣಿಗೆ ಗಂಧ, ಭಾಳ ನಮ್ರ ಮನುಷ್ಯಾ. ಚೀಲದಾಗ ಕೈ ಹಾಕಿ ಒಂದು ಮೆಣಸಿನಕಾಯಿ ತಗದು ಮುರದು, ಬೀಜ ಎಣಿಸೋವರಂಗ ಅಂಗೈ ಮ್ಯಾಲೆ ಹರವಿಕೊಂಡ. "ಮಾಲು ಛಲೋ ಅದ, ಕಾಕಾ" ಅಂದ ಮರಾಠ್ಯಾಗ. ಆಮ್ಯಾಲೆ ಅದ ದನ್ಯಾಗ, "ಸ್ವಪ್ನಿಲ್ ಹೆಂಗಿದಾನ? ಚಾಕಣ ಕಂಪನಿ ಬಸ್ಸಿನ್ಯಾಗ ಖಿಡಕಿ ಬಾಜೂಕ ಕುಂದರತಾನಲ್ಲಾ? ಆ ರೋಡಿನ್ಯಾಗ ಕಂಟೇನರ್ ಭಾಳ ನೋಡ್ರಿ, ಸಂಭಾಳಿಸಿ ಹೋಗಂತ ಹೇಳ್ರಿ" ಅಂದ. ಬೀಜ ಝಾಡಿಸಿ, ನಮಸ್ಕಾರ ಮಾಡಿ ಹೊಂಟುಹೋದ.

ಸ್ವಪ್ನಿಲ್ ನಮ್ಮ ಒಬ್ಬನ ಮಗ. ಚಾಕಣದಾಗ ಗಾಡಿ ಸಾಮಾನು ಮಾಡೋ ಫ್ಯಾಕ್ಟರ್ಯಾಗ ಸೂಪರ್‌ವೈಜರ್ ಇದಾನ. ಖಿಡಕಿ ಬಾಜೂಕ ಕುಂದರತಾನಂತ ನನಗ ಗೊತ್ತಿರಲಿಲ್ಲರಿ, ಅಪ್ಪಗ ಗೊತ್ತಿಲ್ಲದ್ದು ಆ ಮನುಷ್ಯಾಗ ಗೊತ್ತಿತ್ತು. ಮಗಗ ಫೋನ್ ಹಚ್ಚಿ, ಏನೂ ಹೇಳದನ, "ಊಟ ಆತೇನೋ" ಅಂತ ಕೇಳಿ ಇಟ್ಟೆ. ಅವತ್ತಿನಿಂದ ಹಮಾಲರು ನನ್ನ ಲಾರಿ ಕಡೆ ಹಾಯಲಿಲ್ಲ. ಮೆಣಸಿನಕಾಯಿ ಚೀಲ ಲಾರ್ಯಾಗನ ಉಳದು ಮಳ್ಯಾಗ ತೊಯ್ದವು. ನನ್ನ ಜೋಡಿ ದಿನಾ ಚಹಾ ಕುಡಿಯೋ ಬೆಲ್ಲದ ವ್ಯಾಪಾರಿ ಕಾಂತಪ್ಪ, ನಾ ಬರೋದು ನೋಡಿ ಕಿವಿಗೆ ಫೋನ್ ಹಿಡಕೊಂಡ. ಫೋನ್ ಉಲ್ಟಾ ಹಿಡದಿದ್ದ, ಪಾಪ.

ಇದನ್ನೆಲ್ಲಾ ಸಾವಂತ್ರವ್ವಗ ಹೇಳಿದೆ. ಮೊದಲನೇ ಸಲ ಆಕಿ ಮಾರಿ ಸಣ್ಣದಾತು. ಮಗನ ಹೆಸರು ಬಂದ ಮ್ಯಾಲೆ ಯಾವ ತಾಯಿಗೆ ಅಂಜಿಕಿ ಬರಂಗಿಲ್ಲ ಹೇಳ್ರಿ? ಘಟದ ಮುಂದ ಕುಂತು ಭಾಳ ಹೊತ್ತು ಏನೋ ಪಟಪಟ ಅಂದ್ಳು. ಎದ್ದು ಬಂದು, "ಸೋಮವಾರ ನಾ ಹೋಗಾಕಿನ" ಅಂದ್ಳು. ಅಂದಳು ಖರೇ, ದನಿ ಆಕೀದು ಇರಲಿಲ್ಲ. ಘೋಷಣಾ ಎಲ್ಲಾ ಹೋಗಿ, ಮದಿವ್ಯಾಗಿ ಬಂದಾಗಿನ ಹಳ್ಳಿ ಹುಡುಗಿ ದನಿ ಇತ್ತು.

ಹಿಂಗಿದ್ದಾಗ ಆ ಶುಕ್ರವಾರ ಬಂತು.

ದೀಪ ಹಚ್ಚೋ ಹೊತ್ತು. ಬಾಗಲಾ ಬಡದ ಸಪ್ಪಳಾತು. ನನಗ ಜೀವ ಬಾಯಿಗೆ ಬಂತು, ಹಿಂಗ ಯಾರು ಬಾಗಲಾ ಬಡದ್ರೂ ಆಗ ಬರ್ತಿತ್ತು. ತಗದು ನೋಡಿದ್ರ ಅಮರಭಾವುನ ಹೇಂತಿ ಮಾಧುರಿ ವಹಿನಿ! ಹಿಂದ ಇಬ್ಬರು ಹೆಣ್ಣಮಕ್ಕಳು. ಮಾಧುರಿ ವಹಿನಿ ಹಸಿರು ಸೀರಿ ಉಟ್ಟಿದ್ಳು, ಹಣಿ ತುಂಬ ಕುಂಕುಮ, ಬರಿಗಾಲು. ನವರಾತ್ರ್ಯಾಗ ಚಪ್ಪಲಿ ಬಿಡೋ ವ್ರತ ಇರ್ತದಲ್ಲ ಅವರಲ್ಲಿ. ಪೇಠದ ರಸ್ತೆದಾಗ ನಡದು ನಡದು ಆ ಎಳೇ ಪಾದದ ಹಿಂಬಡ ಒಡದು ರಕ್ತ ಬಂದಿತ್ತು. "ಕಾಕೂ, ದೇವಿ ದರ್ಶನಕ್ಕ ಬಂದೀನಿ, ಬ್ಯಾರೆ ಏನೂ ಮಾತಾಡಂಗಿಲ್ಲ" ಅಂದ್ಳು. ಹೇಳಿದಂಗ ಮಾತಾಡಲೂ ಇಲ್ಲ. ಘಟಕ್ಕ ನಮಸ್ಕಾರ ಮಾಡಿದ್ಳು, ಸಾವಂತ್ರವ್ವನ ಕಾಲಿಗೆ ಬಿದ್ಳು, ಹೊಂಟು ನಿಂತ್ಳು.

ಸಾವಂತ್ರವ್ವ ಬೈಯಾಕ ತಯಾರಾಗಿ ಸೆರಗು ಸಿಗಿಸಿಕೊಂಡು ನಿಂತಿದ್ದು ನಾ ನೋಡೀನಿ. ಆದ್ರ ಶುಕ್ರವಾರ, ನವರಾತ್ರಿ, ದೀಪದ ಹೊತ್ತಿನ್ಯಾಗ ಮನಿಗೆ ಬಂದ ಮುತ್ತೈದೆನ್ನ ಬರಿ ಉಡ್ಯಾಗ ಕಳಸೋದು ನಮ್ಮ ಮನೆತನದಾಗ ಹಿಂದ ಆಗಿಲ್ಲ. ಆಕಿ ಕೈ ತಾನ ಡಬ್ಬಿಗೆ ಹೋತು. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಎಲಿ ಅಡಿಕಿ, ಒಂದು ತೆಂಗಿನಕಾಯಿ, ಊರಿಂದ ತಂದಿಟ್ಟ ಗುಳೇದಗುಡ್ಡದ ಖಣ. ಮಾಧುರಿ ವಹಿನಿ ಸೆರಗು ಒಡ್ಡಿ ಕುಂತ್ಳು, ಈಕಿ ಉಡಿ ತುಂಬಿದ್ಳು. ತುಂಬಿ, ಆಕಿ ಒಡದ ಹಿಂಬಡಕ್ಕ ಕೊಬ್ಬರಿ ಎಣ್ಣಿ ಅರಿಷಿಣ ಹಚ್ಚಿ ಕಳಿಸಿದ್ಳು. ಮಾಧುರಿ ವಹಿನಿ ಕಣ್ಣಾಗ ನೀರು ಬಂದಿದ್ದು ನಾಟಕ ಅಂತ ನನಗ ಇವತ್ತಿಗೂ ಅನಸಂಗಿಲ್ಲ. ಆದ್ರ ಹಿಂದಿದ್ದ ಹೆಣ್ಣಮಗಳು ಫೋನ್ ಎತ್ತಿ ಹಿಡದು ಫೋಟೋ ಹೊಡಕೊಂಡಿದ್ದೂ ಅಷ್ಟ ಖರೇ.

ಮುಂಜಾನೆ ಏಳೂದ್ರಾಗ ಆ ಫೋಟೋ ಎಲ್ಲಾ ಕಡೆ ಹೋಗಿತ್ತು. ಕೆಳಗ ಮರಾಠ್ಯಾಗ, ಕನ್ನಡದಾಗ ಎರಡರಾಗೂ ದೊಡ್ಡ ಅಕ್ಷರ: ಕನ್ನಡ ತಾಯಂದಿರ ಆಶೀರ್ವಾದ ಅಮರಭಾವುಗೆ. ಮಾರ್ಕೆಟ್ಟಿನ್ಯಾಗ ಕಾಂತಪ್ಪ ತಾನ ಬಂದು ಚಹಾ ಕುಡಿಸಿದ. ಹಮಾಲರು ಕರೀದನ ಬಂದು ಲಾರಿ ಖಾಲಿ ಮಾಡಿದ್ರು. ನನಗ ಹಗುರಾತು ನೋಡ್ರಿ, ಎಷ್ಟೋ ದಿನದ ಮ್ಯಾಲೆ ಪುಕಳಿ ಊರಿ ಕುಂತು ವ್ಯಾಪಾರ ಮಾಡಿದೆ.

ಮನಿಗೆ ಬಂದ್ರ ಸಾವಂತ್ರವ್ವ ಉರೀಲಿಕ್ಕೆ ಹತ್ತಿದ್ಳು. "ನಾ ಮುತ್ತೈದೆ ಉಡಿ ತುಂಬೀನಿ, ಅವರಪ್ಪನ ಓಟಿನ ಪೆಟ್ಟಿಗಿ ತುಂಬಿಲ್ಲ! ಉಡಿ ಉಡಿನ, ಓಟು ಓಟ, ಜಬಾಬು ಜಬಾಬ. ಪುಣೆದಾಗ ಉಡಿಗೆ ಓಟಿ ಅಂತಾರ, ಅದು ಒಂದು ಕಪ್ ಚಹಾ ಕೊಟ್ಟಂಗ, ಬಂದವರಿಗೆಲ್ಲಾ ತುಂಬತಾರ. ಕಿಶೋರಗ ಫೋನ್ ಹಚ್ಚಿ ಬೈದೀನಿ." ಕಿಶೋರ ಏನಂದ ಅಂತ ಕೇಳಿದೆ. "ಬೈಸಿಕೊಂಡು ಥ್ಯಾಂಕ್ಯೂ ಕಾಕೂ ಅಂದ, ಹಲ್ಕಟ್."

"ಪಕ್ಷ ಬಿಡತೀಯೇನು?" ಅಂತ ಕೇಳಿದೆ.

"ನಾ ಯಾಕ ಬಿಡ್ಲಿ? ಬಕೆಟ್ ಹೊತ್ತಾಕಿ ನಾನು. ನಿನ್ನೆ ಬಂದಾವ ಬಿಟ್ಟು ಹೋಗ್ಲಿ."

ದಸರಾ ದಿನ ಆ ಬಿಳೇ ಅಂಗ್ಯಾವ ಮತ್ತ ಅಂಗಡಿಗೆ ಬಂದ. ಬನ್ನಿ ಎಲಿ ಕೊಟ್ಟು, ಅಪ್ಪಿಕೊಂಡು, ಕಿವ್ಯಾಗ, "ಬಂಗಾರದಂಗ ಇರೂಣು ಕಾಕಾ. ಸೋಮವಾರ ಕಾಕೂನ ಮಣಕಾಲು ನೋಯತಾವಲ್ಲಾ?" ಅಂದ. ನಾ "ಹೌದ್ರಿ, ನೋಯತಾವ್ರಿ" ಅಂದೆ. ಬಾಯಿಂದ ಬಂದುಬಿಟ್ಟಿತು.

ಸೋಮವಾರ ಮುಂಜಾನೆ ಆಕಿ ಇಳಕಲ್ ಸೀರಿ ಉಟ್ಟು ತಯಾರಾದ್ಳು. ನಾ ಕೈ ಮುಗದೆ, ಮಗನ ಹೆಸರು ಹೇಳಿದೆ, ಕಡೀಕ ಎದಿ ಹಿಡಕೊಂಡು ಕುರ್ಚಿ ಮ್ಯಾಲೆ ಕುಂತು, "ನೋಯಾಕ ಹತ್ತೇದ" ಅಂದೆ. ಆಕಿ ಬಂದು ಹಣಿ ಮುಟ್ಟಿ ನೋಡಿ, "ಬಲಗಡೆ ಹಿಡಕೊಂಡೀರಿ, ಗುಂಡಗಿ ಎಡಗಡೆ ಇರ್ತದ" ಅಂದ್ಳು. ಚಪ್ಪಲಿ ಮೆಟ್ಟಿದ್ಳು. ನಾನೂ ಎದ್ದೆ. ಧೈರ್ಯ ಬಂತಂತ ತಿಳೀಬ್ಯಾಡ್ರಿ, ಒಬ್ಬನ ಮನ್ಯಾಗ ಕುಂದ್ರಾಕ ಇನ್ನೂ ಹೆಚ್ಚು ಅಂಜಿಕಿ ಆತು. ರಿಕ್ಷಾದಾಗ ಆಕಿ ಕೈ ಹಿಡಕೊಂಡೆ, ತಣ್ಣಗ ಇತ್ತು. "ನನಗೂ ಅಂಜಿಕಿ ಬಂದದ" ಅಂದ್ಳು ಹೊರಗ ನೋಡಿಕೋತ. ನನಗ ಅಳು ಬಂತು.

ಚೌಕ್ಯಾಗಿನ ಸಾಹೇಬ ನಮ್ಮನ್ನ ನೋಡಿ ಚಹಾ ಹೇಳಿದ. ಅದ ತಪ್ಪು ಅನಿಸ್ತು ನನಗ, ಹೋದ ಸಲ ನೀರು ಕೊಟ್ಟಿರಲಿಲ್ಲ. "ಕಾಕೂ, ನಿಮಗ ಯಾಕ ತ್ರಾಸು? ಆ ಗೌಂಡಿ ಹೇಂತಿ ಶನಿವಾರನ ಬಂದು ಅರ್ಜಿ ವಾಪಸ್ ತಗೊಂಡಾಳ. ಗಂಡ ಕುಡದು ಬಿದ್ದಾನಂತ ಹೆಬ್ಬೆಟ್ಟು ಒತ್ತಿ ಕೊಟ್ಟಾಳ" ಅಂದ.

ಸಾವಂತ್ರವ್ವ ಚಹಾ ಮುಟ್ಟಲಿಲ್ಲ. ಎದ್ದು ಸೀದಾ ಮಾರ್ಕೆಟ್ ಯಾರ್ಡ್ ಹಿಂದಿನ ಶೆಡ್ಡಿಗೆ ನಡಸಿದ್ಳು. ಹೋಗೂದ್ರಾಗ ಒಂದು ಟೆಂಪೋ ನಿಂತಿತ್ತು. ಜಟ್ಟೆಪ್ಪನ್ನ ಹಾಸಗಿ ಸಮೇತ ಮ್ಯಾಲೆ ಮಲಗಿಸಿದ್ರು, ಎರಡೂ ಕಾಲಿಗೆ ಪ್ಲಾಸ್ಟರು. ಯಮನವ್ವ ಬೋಗಾಣಿ ಕೊಡ ಏರಿಸ್ತಿದ್ಳು. ಊರಿಗೆ ಹೊಂಟಿದ್ರು.

"ಯಾರು ಅಂಜಿಸಿದ್ರು ನಿನಗ? ಹೇಳು, ಯಾರು ಬಂದಿದ್ರು?" ಅಂತ ಈಕಿ ಯಮನವ್ವನ ತೋಳು ಹಿಡದು ಜಗ್ಗಿದ್ಳು.

ಯಮನವ್ವಗ ಸಿಟ್ಟಿರಲಿಲ್ಲ. ಅದ ನೋಡಾಕ ಆಗಲಿಲ್ಲ. ತಲಿ ಮ್ಯಾಲಿನ ಸೆರಗು ಸರಿ ಮಾಡಿಕೊಂಡು ಹೇಳಿದ್ಳು: "ಬಂದಿದ್ರಕ್ಕಾ, ದಿನಾ ಬರ್ತಿದ್ರು. ಅವರಿಗಿ ನಾ ಅಂಜಿದ್ದಿಲ್ಲ. ಆಮ್ಯಾಲೆ ಫೋಟೋ ತೋರಿಸಿದ್ರು. ನೀವು ಆಕಿ ಉಡಿ ತುಂಬೀರಿ. ಘಟದ ಮುಂದ ಕುಂದ್ರಿಸಿ ತುಂಬೀರಿ. ಆಕಿ ನಿಮ್ಮ ಮಗಳಾದ್ಳಲ್ರೀ ಯಕ್ಕಾ. ಮಗಳ ಮನಿ ಮ್ಯಾಗ ತಾಯಿ ಹೆಂಗ ಸಾಕ್ಷಿ ಹೇಳ್ತಾಳ? ಹೇಳಿದ್ರ ನಿಮಗ ದೇವಿ ಪಾಪ, ಹೇಳದಿದ್ರ ನನ್ನ ಪಾಪ. ನನ್ನ ಸಲುವಾಗಿ ಇಷ್ಟು ಮಾಡಿದಾಕಿಗಿ ಆ ಸಂಕಟ ಯಾಕ ಕೊಡಬೇಕಂತ ನಾನ ಹೋಗಿ ಹೆಬ್ಬೆಟ್ಟು ಒತ್ತೀನ್ರಿ."

ಸಾವಂತ್ರವ್ವ ಆಕಿ ತೋಳು ಬಿಟ್ಳು. ಪುಣೆದಾಗ ಉಡಿ ಅಂದ್ರ ಚಹಾ ಕೊಟ್ಟಂಗ ಅಂತ ನನಗ ಹೇಳಿದಾಕಿ, ಯಮನವ್ವಗ ಅದನ್ನ ಹೇಳಾಕ ಆಗಲಿಲ್ಲ. ಯಾಕಂದ್ರ ಇಬ್ಬರಿಗೂ ಗೊತ್ತಿತ್ತು, ನಮ್ಮ ಕಡೆ ಹಂಗ ಇಲ್ಲ. ಟೆಂಪೋ ಮ್ಯಾಲಿನಿಂದ ಜಟ್ಟೆಪ್ಪ ಎರಡೂ ಕೈ ಎತ್ತಿ ನಮಗ ನಮಸ್ಕಾರ ಮಾಡಿದ. ಗಾಡಿ ಹೋದ ಮ್ಯಾಲೆ ಆಕಿ ಆ ಮಣ್ಣಾಗ ಹಂಗ ಕುಂತುಬಿಟ್ಳು, ಸಣ್ಣ ಹುಡುಗ್ರಂಗ ಬಿಕ್ಕಿ ಬಿಕ್ಕಿ ಅತ್ಳು. ನಮ್ಮ ಸಂಸಾರದಾಗ ಆಕಿ ಹಂಗ ಅತ್ತಿದ್ದು ನಾ ನೋಡಿರಲಿಲ್ಲ.

ಇನ್ನ ಮುಗೀತು, ಮನಿಗೆ ಹೋಗೂಣಂತ ನಾ ರಿಕ್ಷಾ ಕೈ ಮಾಡಿದೆ. ಪಾಪ ಅನಿಸ್ತು, ಹಗುರೂ ಆತು, ಎರಡೂ ಖರೇ. ಆಕಿ ರಿಕ್ಷಾ ಹತ್ತಿ, ಮಾರಿ ಒರಸಿಕೊಂಡು, "ಚೌಕಿಗೆ ನಡೀಪಾ" ಅಂದ್ಳು.

ನಾ ರಿಕ್ಷಾದಾವನ್ನ ತಡದೆ. "ಅರ್ಜಿನ ಇಲ್ಲಲ್ಲ, ಏನ ಸಾಕ್ಷಿ ಹೇಳ್ತಿ?"

"ಸಾಕ್ಷಿ ಯಾಕ? ನಂದ ಅರ್ಜಿ ಕೊಡ್ತೀನಿ. ನೋಡಿದಾಕಿ ನಾನು."

"ದೇವಿ ಪಾಪ ಅಂದಳಲ್ಲೇ ಆಕಿ!"

"ಬರ್ಲಿ. ನನಗ ಬರ್ತದಲ್ಲಾ, ಯಮನವ್ವಗೇನು ಬರಂಗಿಲ್ಲಲ್ಲಾ" ಅಂದ್ಳು.

ಸಾಹೇಬ ಮೊದಲು ನಕ್ಕ, ಆಮ್ಯಾಲೆ ತಿಳಿಸಿ ಹೇಳಿದ, ಆಮ್ಯಾಲೆ ದನಿ ಏರಿಸಿದ. "ನಿಮ್ಮದ ಪಕ್ಷ, ನಿಮ್ಮದ ಉಮೇದುವಾರ, ತಿಂಗಳದಾಗ ಚುನಾವಣಿ! ಗೆದ್ದ ಮ್ಯಾಲೆ ಅಂವಾ ಮಂತ್ರಿ ಆದ್ರೂ ಆಗಬಹುದು, ಕಾಕೂ." ಈಕಿ ಬೆಂಚಿನ ಮ್ಯಾಲೆ ಕುಂತು ಒಂದ ಮಾತು ಹೇಳಿದ್ಳು, "ಬರಕೊಳ್ರಿ." ಹೊರಗ ಪ್ರಚಾರದ ಗಾಡಿ ಅಮರಭಾವುನ ಹೆಸರು ಕೂಗಿಕೋತ ಹೋತು, ಅದರಾಗಿನ ಘೋಷಣಾ ನಮ್ಮಾಕಿನ ಎಷ್ಟೋ ವರ್ಷ ಕೂಗಿದ್ದು. ಕಡೀಕ ಸಾಹೇಬ ಪೆನ್ನು ತಗೊಂಡ. ಆಕಿ ದಾರೂ ಬಾಟಲಿ ಸುದ್ದಿ ಹೇಳುವಾಗ ದನಿ ಒಡೀತಿತ್ತು, ಆದ್ರೂ ಎಲ್ಲಾ ಹೇಳಿದ್ಳು. ಗಂಡನ ಹೆಸರು ಕೇಳಿದ. "ಶಿವಪ್ಪ" ಅಂದ್ಳು. ನನ್ನ ಹೆಸರು ಆ ಕಾಗದದ ಮ್ಯಾಲೆ ಬೀಳೂದು ನೋಡಿ, ಬಾಗಲಾ ಎಷ್ಟು ದೂರ ಅದಂತ ನೋಡಿಕೊಂಡೆ.

ಬರದು ಮುಗಿಸಿ ಸಾಹೇಬ ಎಲ್ಲಾ ಓದಿ ತೋರಿಸಿದ. ವಿಳಾಸ ಓದಿದಾಗ ಮನಿ ನಂಬರು ತಪ್ಪಿತ್ತು. ಗಡಬಡ್ಯಾಗ ತಪ್ಪಿತೋ, ಬೇಕಂತ ತಪ್ಪಿಸಿದನೋ, ದೇವರಿಗೆ ಗೊತ್ತು. ಸಾವಂತ್ರವ್ವ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡಿದ್ಳು, ಆಕಿಗೆ ಕೇಳಲಿಲ್ಲ. ನನಗೊಬ್ಬಗ ಕೇಳಿತು. ಹಂಗ ಬಿಟ್ರ ಕೋರ್ಟಿನ ಸಮನ್ಸು ಯಾರದೋ ಬಾಗಲಕ್ಕ ಹೋಗಿ ವಾಪಸ್ ಬರ್ತದ, ಈಕಿನ್ನ ಯಾರೂ ಕರೆಯಂಗಿಲ್ಲ, ಕೇಸು ತಾನ ಸಾಯತದ. ಮಗ ಖಿಡಕಿ ಬಾಜೂಕ ನಿಶ್ಚಿಂತಿ ಕುಂತು ಚಾಕಣಕ್ಕ ಹೋಗಿ ಬರ್ತಾನ. ನಾ ಬಾಯಿ ಮುಚ್ಚಿಕೊಂಡು ಕುಂತ್ರ ಸಾಕಾಗಿತ್ತು. ಸಾಹೇಬ ಕಾಗದ ಮಡಚಾಕ ಹತ್ತಿದ, ನನ್ನ ಮಾರಿನ ನೋಡತಿದ್ದ.

"ಸಾಹೇಬ್ರ," ಅಂದೆ, "ಮನಿ ನಂಬರು ತಪ್ಪೇದ್ರಿ."

ಸರೀದು ಹೇಳಿದೆ. ದನಿ ಅಷ್ಟು ನಡಗತಿತ್ತಂದ್ರ, ಅವಗ ತಿಳೀದನ ಎರಡು ಸಲ ಕೇಳಿ ಬರಕೊಂಡ.